ಜೇಬಿನಲ್ಲಿ ರಿಮೋಟ್ ಇಟ್ಟುಕೊಂಡ ಮಾಸ್ತರು

ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮೂರು ಜನ ಮಾತಾಡಿ ಮುಗಿಸಿದ ಮೇಲೆ, ನಾನೂ ಎರಡು ಮಾತು ಆಡಲಿ ಎಂದು ಹೆಡ್‌ಮಾಸ್ತರು ನನ್ನ ಕಡೆ ನೋಡಿದರು. ಆ ಮೂರು ಜನರ ಮಾತು ಕೇಳಿದ್ದ ನನಗೆ, ಮೇಜಿನ ಮೇಲೆ ಹಾರ ಹಾಕಿಸಿಕೊಂಡಿದ್ದ ಫೋಟೋ ಬೇರೆ ಯಾರದೋ ತಂದಿಟ್ಟಿದ್ದಾರೆ ಅನ್ನಿಸಿತ್ತು. ಮೃದು ಸ್ವಭಾವ ಅಂದರು. ಮಕ್ಕಳೆಂದರೆ ಪ್ರಾಣ ಅಂದರು. ತುಂಬಲಾರದ ನಷ್ಟ ಎಂಬುದನ್ನಂತೂ ಮೂವರೂ ಅಂದರು. ನಾನು ಎದ್ದು, ಮಾಸ್ತರು ಶಾಲೆಗೆ ಎಂದೂ ತಡವಾಗಿ ಬಂದವರಲ್ಲ ಎಂದು ಹೇಳಿ ಕುಳಿತುಬಿಟ್ಟೆ. ಮಕ್ಕಳ ಮುಂದೆ ಆಡಬಹುದಾದ ನಿಜ ಅದೊಂದೇ ಇತ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಮಸ್ಕಿಯ ನಮ್ಮ ಶಾಲೆಯಲ್ಲಿ ಕಲಿತವರಿಗೆ ಅದು ಬೇಕಾಗಿಯೂ ಇಲ್ಲ, ಜೇಬಿನ ಸುದ್ದಿ ಬಂದ ಕೂಡಲೇ ಯಾರೆಂದು ಗೊತ್ತಾಗಿಬಿಡುತ್ತದೆ.

ಅವರು ವಿಜ್ಞಾನದವರು, ನಾನು ಕನ್ನಡದವಳು. ಇಬ್ಬರ ಮನೆಯೂ ಸಿಂಧನೂರಿನಲ್ಲಿ. ಬೆಳಿಗ್ಗೆ ಒಂದೇ ಬಸ್ಸಿಗೆ ಮಸ್ಕಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ಅವರು ಕಿಟಕಿಯ ಪಕ್ಕ ಕುಳಿತು, ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿಯ ಚೀಲ ಇಡುತ್ತಿದ್ದರು. ಯಾರು ಕೇಳಿದರೂ ‘ಬರ್ತಾರ’ ಅನ್ನುತ್ತಿದ್ದರು. ಮಸ್ಕಿ ಬರುವ ತನಕ ಯಾರೂ ಬರುತ್ತಿರಲಿಲ್ಲ. ಒಮ್ಮೆ ಗೊರೇಬಾಳದ ಮುದುಕಿಯೊಬ್ಬಳು ಗಂಟು ಹಿಡಿದುಕೊಂಡು ಆ ಸೀಟಿನ ಪಕ್ಕದಲ್ಲೇ ದಾರಿಯುದ್ದಕ್ಕೂ ನಿಂತಿದ್ದಳು. ಮಸ್ಕಿಯಲ್ಲಿ ಮಾಸ್ತರು ಚೀಲ ಎತ್ತಿಕೊಂಡು, ಈಗ ಕುಂದ್ರು ಬೇ ಯಮ್ಮಾ, ಸೀಟು ಖಾಲಿ ಆತು ಅಂದರು. ಮುದುಕಿಯೂ ಅಲ್ಲೇ ಇಳಿಯುವವಳು. ಅವಳು ಟಿಕೆಟ್ ತೆಗೆಸುವಾಗ ಅದನ್ನು ಅವರು ಕೇಳಿಸಿಕೊಂಡಿದ್ದರು.

ತೆಳ್ಳಗೆ ಎತ್ತರದ ಆಳು. ಬಿಳಿ ಅಂಗಿ, ಎಡಗಡೆ ಜೇಬು, ಜೇಬಿನಲ್ಲಿ ಕೆಂಪು ಪೆನ್ನು. ಕೈಯೆತ್ತಿ ಹೊಡೆಯುವುದು ಕಡಿಮೆ, ಮಾತಿನಲ್ಲೇ ಮುಗಿಸುತ್ತಿದ್ದರು. ಆಟೋ ಓಡಿಸುವವನ ಮಗನೊಬ್ಬ ಲೆಕ್ಕ ತಪ್ಪಿದಾಗ, ನಿಮ್ಮಪ್ಪನ ಆಟೋಕ್ಕರ ಹಿಂದ ಹೋಗಾಕ ಒಂದು ಗೇರ್ ಐತಿ, ನಿನಗ ಅದೂ ಇಲ್ಲ ಅಂದಿದ್ದರು. ಇಡೀ ತರಗತಿ ನಕ್ಕಿತು. ಹುಡುಗ ಮರುದಿನದಿಂದ ಶಾಲೆಗೆ ನಡೆದುಕೊಂಡು ಬರತೊಡಗಿದ, ಅಪ್ಪನ ಆಟೋ ಹತ್ತಲಿಲ್ಲ.

ಅವರ ಪಾಠದ ರೀತಿಯನ್ನೂ ಹೇಳಬೇಕು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಗ್ಲಾಸು ಬೋರಲು ಹಾಕುತ್ತಿದ್ದರು. ಮಕ್ಕಳೆಲ್ಲ ಬೆಂಚು ಬಿಟ್ಟೆದ್ದು ಕತ್ತು ಚಾಚುತ್ತಿದ್ದವು. ದೀಪ ಸಣ್ಣಗಾಗಿ, ನೀರು ಒಳಗೆ ಏರಬೇಕು ಅನ್ನುವಷ್ಟರಲ್ಲಿ ಗ್ಲಾಸು ಎತ್ತಿಬಿಟ್ಟು, ‘ಉಳಿದದ್ದು ನಾಳೆ’ ಅನ್ನುತ್ತಿದ್ದರು. ಮರುದಿನ ಬೇರೆ ಪಾಠ ಶುರುವಾಗಿರುತ್ತಿತ್ತು. ಹೀಗೇಕೆ ಮಾಡುತ್ತೀರಿ ಎಂದು ಸ್ಟಾಫ್ ರೂಮಿನಲ್ಲಿ ನಾನೊಮ್ಮೆ ಕೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕುತ್ತಾ, ತರಗತಿಯಲ್ಲಿ ಎಂದೂ ಮಾಡದಷ್ಟು ಶ್ರದ್ಧೆಯಿಂದ ನನಗೆ ಪಾಠ ಹೇಳಿದರು.

“ಯಾರಿಗೂ ಪೂರ್ತಿ ಕೊಡಬಾರದ್ರೀ ಟೀಚರ್. ಪೂರ್ತಿ ಕೊಟ್ರ ಎದ್ದು ಹೋಗಿಬಿಡ್ತಾರ. ಚೂರು ಉಳಿಸ್ಕೊಂಡ್ರ ಬಾಗಲದಾಗ ನಿಂತಿರ್ತಾರ.”

ಹಾಗೆ ಬಾಗಿಲಲ್ಲಿ ನಿಂತವರಲ್ಲಿ ಮೊದಲನೆಯವರು ಅವರ ಹೆಂಡತಿ. ಮುಕ್ಕುಂದದ ಭತ್ತದ ಗದ್ದೆಯ ಮನೆತನದ ಹೆಣ್ಣುಮಗಳು. ಒಬ್ಬಳೇ ಮಗಳನ್ನು ಲಿಂಗಸುಗೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಹಗಲು ಮಾತಿಗೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಅಕ್ಕಿ ವ್ಯಾಪಾರದ ಸಾಹೇಬರ ಮನೆ. ಆ ಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಚಾಚಿ ಅನ್ನುತ್ತಿತ್ತು. ಮಧ್ಯಾಹ್ನ ಅರ್ಧ ತಾಸಿನ ಒಂದು ಧಾರಾವಾಹಿ ಬರುತ್ತಿತ್ತು. ಸೊಸೆಯನ್ನು ಗಂಡನ ಮನೆಯವರು ಹೊರಗೆ ಹಾಕಿದ್ದಾರೆ. ಆಕೆ ತವರಿಗೆ ಹೋಗುತ್ತಾಳೋ, ತಿರುಗಿ ಅದೇ ಮನೆಯ ಮೆಟ್ಟಿಲು ಹತ್ತುತ್ತಾಳೋ ಎಂಬುದು ಅದರ ಕಥೆ. ಮಾಸ್ತರ ಹೆಂಡತಿ ಉಂಡು ಮುಸುರೆ ತೊಳೆದು ಚಾಚಿಯ ಮನೆಗೆ ಹೋಗಿ, ಇಬ್ಬರೂ ಅಡಿಕೆ ಕತ್ತರಿಸುತ್ತಾ ಆ ಸೊಸೆಗಾಗಿ ದಿನಾ ಒಂದಿಷ್ಟು ಅತ್ತು ಹಗುರಾಗಿ ಏಳುತ್ತಿದ್ದರು. ಇಡೀ ದಿನದಲ್ಲಿ ಆಕೆಯದು ಅಂತ ಇದ್ದದ್ದು ಆ ಅರ್ಧ ತಾಸು.

ಇದು ಮಾಸ್ತರಿಗೆ ಗೊತ್ತಾದದ್ದು ಬಸ್ಸಿನಲ್ಲಿ. ಓಣಿಯವನೊಬ್ಬ ನಗುತ್ತಾ, ನಿಮ್ಮ ಮನಿಯವರು ದಿನಾ ಮಧ್ಯಾಹ್ನ ಚಾಚಿ ಮನ್ಯಾಗ ಟಿ.ವಿ. ಮುಂದೇ ಇರ್ತಾರಲ್ರಿ ಅಂದ. ತಮ್ಮ ಹೆಂಡತಿ ಮಂದಿಯ ಮನೆಯಲ್ಲಿ ಕುಳಿತು ನೋಡುತ್ತಾಳೆ ಎಂದರೆ ತಮ್ಮ ಮನೆಯಲ್ಲಿ ಟಿ.ವಿ. ಇಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ ಎಂಬುದು ಮಾಸ್ತರ ಲೆಕ್ಕ. ಅಂದು ಸಂಜೆಯೇ ಚಾಚಿಯ ಮನೆಗೆ ಹೋಗುವುದು ಬಂದ್ ಆಯಿತು.

ಇಲ್ಲಿಂದ ಶುರುವಾದದ್ದು ಟಿ.ವಿ. ಟ್ಯೂನರ್ ಹುಡುಕಾಟ. ಮಗಳು ಓದುವಾಗ ಕೊಂಡಿದ್ದ ಕಂಪ್ಯೂಟರ್ ಕಸೂತಿ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿತ್ತು. ಅದಕ್ಕೆ ಒಂದು ಸಣ್ಣ ಸಾಮಾನು ಸೇರಿಸಿ ಕೇಬಲ್ಲು ಚುಚ್ಚಿದರೆ ಅದರಲ್ಲೇ ಟಿ.ವಿ. ಬರುತ್ತದೆ, ಅದು ಇರುವಾಗ ಹೊಸ ಟಿ.ವಿ. ಯಾಕೆ ಎಂದು ಮಾಸ್ತರು ಸ್ಟಾಫ್ ರೂಮಿನಲ್ಲಿ ಸಾರಿದರು. ಮುಂದೆ ತಿಂಗಳುಗಟ್ಟಲೆ ನಮಗೆ ಬೇರೆ ಮಾತೇ ಇರಲಿಲ್ಲ. ಅಗ್ಗದ್ದು ಯಾವುದು, ಅಗ್ಗವಾದರೂ ಬಾಳಿಕೆ ಬರುವುದು ಯಾವುದು, ಚಿತ್ರ ಅಲುಗಾಡುತ್ತದೆಯೋ ಇಲ್ಲವೋ, ದನಿ ಬೇರೆ ಸ್ಪೀಕರಿನಿಂದ ಬರಬೇಕೋ ಹೇಗೆ. ಮಗಳನ್ನು ನೋಡುವ ನೆಪದಲ್ಲಿ ಲಿಂಗಸುಗೂರಿಗೆ ಹೋಗಿ ಅಲ್ಲಿಯ ಅಂಗಡಿಯವನ ತಲೆ ತಿಂದು ಬಂದರು. ಮಗಳ ಮನೆಯಲ್ಲಿ ಚಹಾ ಕುಡಿಯುವಷ್ಟು ಹೊತ್ತೂ ಕೂಡಲಿಲ್ಲವಂತೆ. ಮನೆಯಲ್ಲಿ ಹೆಂಡತಿ ಅಷ್ಟೂ ತಿಂಗಳು ಧಾರಾವಾಹಿ ಇಲ್ಲದೆ ಕಾಯುತ್ತಿದ್ದರು. ಅವಸರ ಮಾಡಿದರ ಮೋಸ ಹೋಗ್ತೀವಿ ಎಂದು ಮಾಸ್ತರು ಸಮಾಧಾನವಾಗಿ ಹೇಳುತ್ತಿದ್ದರು.

ಕೊನೆಗೆ ಬಂದದ್ದು ಸಿಂಧನೂರಿನ ನನ್ನ ತಮ್ಮನ ಅಂಗಡಿಗೆ. ಅವನು ಕಂಪ್ಯೂಟರ್ ಮಾರಿ ರಿಪೇರಿ ಮಾಡುವವನು. ಮಾಸ್ತರು ನನ್ನನ್ನೂ ಕರೆದುಕೊಂಡು ಹೋದರು, ಅಕ್ಕ ಎದುರಿಗಿದ್ದರೆ ತಮ್ಮ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ. ತಮ್ಮ ಎರಡು ನಮೂನೆ ತೆಗೆದು ಮೇಜಿನ ಮೇಲೆ ಇಟ್ಟ. ಒಂದು ಹೊರಗಿಡುವ ಡಬ್ಬಿ. ಕೇಬಲ್ಲಿನ ತಂತಿ ಅದಕ್ಕೆ, ಅದರ ತಂತಿ ಕಂಪ್ಯೂಟರಿನ ತೆರೆಗೆ. ಕಂಪ್ಯೂಟರ್ ಚಾಲೂ ಮಾಡುವ ಕೆಲಸವೇ ಇಲ್ಲ. ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂಡಿಸುವ ಕಾರ್ಡು. ಕಂಪ್ಯೂಟರ್ ಚಾಲೂ ಇದ್ದರೆ ಮಾತ್ರ ಟಿ.ವಿ. ಬರುತ್ತದೆ, ಬೇಕಾದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು. ಎರಡಕ್ಕೂ ರಿಮೋಟ್ ಇತ್ತು. ಡಬ್ಬಿ ಅಗ್ಗದ್ದು, ಕಾರ್ಡು ತುಸು ತುಟ್ಟಿ.

“ಡಬ್ಬೀನ ತಗೊಳ್ರಿ ಸರ್,” ಎಂದ ತಮ್ಮ. “ಅಮ್ಮಾರಿಗೆ ಕಂಪ್ಯೂಟರ್ ಬರಬೇಕಂತಿಲ್ಲ. ನೀವು ಸಾಲಿಗೆ ಹೋದಾಗ ತಾವೇ ರಿಮೋಟ್ ಒತ್ತಿ ನೋಡ್ಕೊಂತಾರ.”

ಆ ಮಾತೇ ಡಬ್ಬಿಯನ್ನು ಕೆಡಿಸಿತು. ಮಾಸ್ತರು ಅದನ್ನು ಬೆರಳಿನಿಂದ ಆಚೆ ಸರಿಸಿದರು. ಕಾರ್ಡನ್ನು ಕೈಗೆ ತೆಗೆದುಕೊಂಡು, ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿಲ್ಲದವರು ಇದರಲ್ಲಿ ಟಿ.ವಿ. ಹಚ್ಚಬಹುದೇ ಎಂದು ಕೇಳಿದರು. ಆಗೂದಿಲ್ರಿ ಸರ್, ಅದೇ ತ್ರಾಸು ಎಂದ ತಮ್ಮ, ಡಬ್ಬಿ ಅಗ್ಗವೂ ಐತಿ ಎಂದು ಮತ್ತೊಮ್ಮೆ ನೆನಪಿಸಿದ.

“ಅಗ್ಗ ಅಂತ ಎಲ್ಲಾ ತಗೊಳ್ಳಾಕ ಬರ್ತೈತೇನು ತಮ್ಮಾ? ಇದನ್ನ ಕಟ್ಟು.”

ನಾನು ಅವರ ಮುಖ ನೋಡಿದೆ. ಚಹಾದ ಅಂಗಡಿಯಲ್ಲಿ ಒಂದೇ ಚಹಾವನ್ನು ಎರಡು ಮಾಡಿಸುವ ಮನುಷ್ಯ, ತಿಂಗಳುಗಟ್ಟಲೆ ಅಗ್ಗದ್ದು ಯಾವುದು ಎಂದು ಮೂರು ಊರು ತಿರುಗಿದ ಮನುಷ್ಯ, ತುಟ್ಟಿಯದನ್ನು ಸಂತೋಷದಿಂದ ಕೊಂಡರು. ಅಲ್ಲಿಯತನಕ ನಾನು ಅವರನ್ನು ಬರೀ ಜಿಪುಣ ಎಂದು ತಿಳಿದಿದ್ದೆ. ಜಿಪುಣತನಕ್ಕೆ ಮದ್ದಿದೆ. ಇದು ಬೇರೆಯೇ ಆಗಿತ್ತು. ಪೆಟ್ಟಿಗೆಯಿಂದ ರಿಮೋಟ್ ತೆಗೆದು ಅಲ್ಲೇ ಎಡಗಡೆ ಜೇಬಿನಲ್ಲಿ, ಕೆಂಪು ಪೆನ್ನಿನ ಪಕ್ಕ ಇಟ್ಟುಕೊಂಡರು. ಮರುದಿನ ಅದರ ಜೊತೆಗೇ ಶಾಲೆಗೆ ಬಂದರು. ಆ ಮರುದಿನವೂ. ಪರೀಕ್ಷೆಯಲ್ಲಿ ಪಕ್ಕಕ್ಕೆ ನೋಡಿದ ಹುಡುಗಿಯ ಗೆಣ್ಣಿಗೆ ಅದರಿಂದಲೇ ಕುಟ್ಟಿದರು. ಮಕ್ಕಳು ಅವರಿಗೆ ರಿಮೋಟ್ ಮಾಸ್ತರ ಎಂದು ಹೆಸರಿಟ್ಟವು.

ಧಾರಾವಾಹಿ ಬರುವ ಹೊತ್ತಿಗೆ ಮಾಸ್ತರು ಶಾಲೆಯಲ್ಲಿ ಇರುತ್ತಿದ್ದರಲ್ಲ, ಅದಕ್ಕೆ ಉಪಾಯ ಮಾಡಿದ್ದರು. ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿ, ಧಾರಾವಾಹಿಯ ವೇಳೆಗೆ ರೆಕಾರ್ಡ್ ಆಗುವಂತೆ ಟೈಮರ್ ಇಟ್ಟು, ತೆರೆಗೆ ಪಾಸ್‌ವರ್ಡ್ ಹಾಕಿ ಬರುತ್ತಿದ್ದರು. ಸಂಜೆ ಹೋಗಿ ಕೈಕಾಲು ತೊಳೆದು, ಚಹಾ ಕುಡಿದು, ಕರೆದು ತೋರಿಸುತ್ತಿದ್ದರು. ಹೆಂಡತಿ ಚಾಪೆ ಹಾಕಿಕೊಂಡು ಕುಳಿತು ನೋಡುತ್ತಿದ್ದರು. ಇಷ್ಟು ಮಾಡುವ ಗಂಡಂದಿರು ಎಷ್ಟು ಮಂದಿ ಇದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಕೆಲವರು ಹೊಗಳಿದರು ಕೂಡ.

ಕೆಲವು ದಿನಗಳ ಮೇಲೆ ಆಕೆ ಒಂದು ಚೀಲ ಕಾಯಿಪಲ್ಲೆ ಹಿಡಿದುಕೊಂಡು ನನ್ನ ತಮ್ಮನ ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ. ಮಿಷನ್ನಿಗೆ ಏನೋ ಆಗಿದೆ, ಧಾರಾವಾಹಿ ಕಡೆಗೆ ಬಂದು ನಿಂತುಬಿಡುತ್ತದೆ, ಶುರುವಾಗುವುದೂ ಅರ್ಧದಿಂದ ಎಂದು ಹೇಳಿದರು. ಅಗ್ಗದ್ದು ತಂದಾರ ಪಾಪ, ಅದಕ್ಕ ಹಿಂಗಾಗೇತಿ, ಅವ್ರಿಗೆ ಹೇಳಿದರ ಬ್ಯಾಸರ ಮಾಡ್ಕೊಂತಾರ, ನೀನ ಬಂದು ರಿಪೇರಿ ಮಾಡಿಕೊಡು ತಮ್ಮಾ ಎಂದು ಕೇಳಿಕೊಂಡರು. ಚಾಚಿಗೆ ಮಾತ್ರ ಇದನ್ನು ಹೇಳಿರಲಿಲ್ಲ. ಚಾಚಿ ಗೋಡೆಯ ಆಚೆಯಿಂದ, ನಿನ್ನೆ ಕಡೀಕ ಹೆಂಗಾತು ನೋಡಿದಿ ಎಂದು ಬಾಯಿ ತೆಗೆದರೆ ಸಾಕು, ನೋಡಿದೆ, ನೋಡಿದೆ ಎಂದು ಒಳಗೆ ಬಂದುಬಿಡುತ್ತಿದ್ದರಂತೆ. ಕೂತು ಕೇಳಿದರೆ, ಗಂಡ ತಂದ ಟಿ.ವಿ. ಪೂರ್ತಿ ತೋರಿಸುವುದಿಲ್ಲ ಎಂಬುದು ಹೊರಗೆ ಬೀಳುತ್ತದಲ್ಲ. ಆ ಗಂಡನ ಮರ್ಯಾದೆಯನ್ನು ಇಷ್ಟು ಜೋಪಾನ ಮಾಡಿದ್ದು ನೋಡಿ ನನಗೆ ಸಿಟ್ಟು ಬಂತು.

ಯಾಕೆಂದರೆ ನನಗೆ ಗೊತ್ತಿತ್ತು. ಮಾಸ್ತರು ಅದನ್ನು ಊಟದ ಹೊತ್ತಿನಲ್ಲಿ ನಮ್ಮೆಲ್ಲರ ಮುಂದೆ ಹೇಳಿ ನಕ್ಕಿದ್ದರು. ಟೈಮರನ್ನು ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ನಿಲ್ಲುವಂತೆ ಇಟ್ಟಿದ್ದರು. ಮರುದಿನ ಆರಂಭದಲ್ಲಿ ಹಿಂದಿನ ದಿನದ ಕೊನೆಯನ್ನು ತೋರಿಸುತ್ತಾರೆಂದು ಗೊತ್ತಾದ ಮೇಲೆ, ಶುರುವಿನ ಐದು ನಿಮಿಷವನ್ನೂ ಕತ್ತರಿಸಿದ್ದರು. ಹೆಂಡತಿ ಕೇಳಿದರೆ ‘ಡಿಸ್ಕಿನ್ಯಾಗ ಜಾಗ ಇಲ್ಲ’ ಎಂದು ಹೇಳುತ್ತೇನೆ ಅಂದರು. ಜಾಗ ಇಲ್ಲದ್ದು ನಿಜವೇ. ತಮ್ಮ ಕ್ರಿಕೆಟ್ ಪಂದ್ಯಗಳನ್ನು ಮೊದಲ ಚೆಂಡಿನಿಂದ ಬಹುಮಾನ ಕೊಡುವ ತನಕ ತುಂಬಿಸಿಟ್ಟಿದ್ದರು.

ತಮ್ಮ ನನ್ನ ಮುಖ ನೋಡಿದ. ನಾನೇ ಹೇಳಿದೆ.

“ಮಿಷನ್ ಚಲೋ ಐತಿ ಅಕ್ಕಾ. ಮಾಸ್ತರು ಹಂಗ ಇಟ್ಟಾರ. ಕೇಳಿದರ ಡಿಸ್ಕಿನ್ಯಾಗ ಜಾಗ ಇಲ್ಲ ಅಂತಾರಂತ.”

ಆಕೆ ಸ್ವಲ್ಪ ಹೊತ್ತು ಚೀಲದೊಳಗಿನ ಮೆಂತ್ಯದ ಕಟ್ಟನ್ನು ಸರಿಮಾಡುತ್ತಾ ನಿಂತರು. ಆಮೇಲೆ ಸೆರಗು ಹೊದ್ದುಕೊಂಡು, “ಹಂಗಾದ್ರ ಇದು ರಿಪೇರಿ ಆಗಂಗಿಲ್ಲ ಬಿಡ್ರಿ,” ಎಂದು ಹೇಳಿ ಹೋದರು.

ಮನೆಯಲ್ಲಿ ಜಗಳ ಆಗಲಿಲ್ಲ. ಆಕೆ ಏನನ್ನೂ ಕೇಳಲಿಲ್ಲ. ದಿನಾ ಸಂಜೆ ಚಾಪೆ ಹಾಕಿ ಕುಳಿತು, ತಲೆಯೂ ಇಲ್ಲದ ಬಾಲವೂ ಇಲ್ಲದ ಆ ನಡುವಿನ ತುಂಡನ್ನು ನೋಡಿ ಎದ್ದು ರೊಟ್ಟಿ ಬಡಿಯಲು ಹೋಗುತ್ತಿದ್ದರು. ಕೇಳದೇ ಇದ್ದದ್ದು ಮಾಸ್ತರಿಗೆ ಸ್ವಲ್ಪ ಬೇಜಾರೇ ಆಗಿತ್ತು. ಬಾಗಿಲಲ್ಲಿ ನಿಂತವರು ಬೇಡಬೇಕು, ಇಲ್ಲದಿದ್ದರೆ ರುಚಿ ಇಲ್ಲ.

ಬೇಡುವ ದಿನವೂ ಬಂತು. ಧಾರಾವಾಹಿಯ ಕೊನೆಯ ಕಂತು ಒಂದು ರಜೆಯ ದಿನ ಬಂತು. ಮಾಸ್ತರು ಮನೆಯಲ್ಲೇ ಇದ್ದರು. ಇವತ್ತೊಂದು ದಿನ ಪೂರ್ತಿ ತೋರಸ್ರಿ ಎಂದು ಆಕೆ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದರು. ಅವರು ಆಗಲಿ ಎಂದು ತೆರೆ ಹಚ್ಚಿದರು, ಇಬ್ಬರೂ ಜೊತೆಗೆ ಕುಳಿತು ನೋಡಿದರು. ಕೊನೆಯ ಜಾಹೀರಾತು ಬಂದಾಗ ಮಾಸ್ತರಿಗೆ ಬಿಸಿ ಮಿರ್ಚಿ ಬೇಕೆನ್ನಿಸಿತು. ಹಿಟ್ಟು ಕಲಸಿಟ್ಟದ್ದಿದೆ, ನಾಲ್ಕು ಕರಿದುಕೊಂಡು ಬಾ, ಅಷ್ಟರಲ್ಲಿ ಶುರುವಾಗುವುದಿಲ್ಲ ಅಂದರು. ಎಣ್ಣೆಯ ಸದ್ದಿನಲ್ಲಿ ಆಕೆಗೆ ಒಳಗಿನ ಮಾತು ಕೇಳಿಸಲಿಲ್ಲ. ತಟ್ಟೆ ಹಿಡಿದು ಓಡಿ ಬಂದಾಗ ತೆರೆ ಕಪ್ಪಗಿತ್ತು. ಏನಾತ್ರಿ ಎಂದು ಕೇಳಿದರೆ ಮಾಸ್ತರು ಮಿರ್ಚಿ ಮುರಿದು ಬಾಯಿಗೆ ಹಾಕಿಕೊಂಡು, ‘ಮುಗೀತು’ ಅಂದರು. ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೂ ಹೇಳಿದರು. ಅಂದು ಯಾರೂ ಹೆಚ್ಚು ನಗಲಿಲ್ಲ, ಒಬ್ಬಿಬ್ಬರು ತಟ್ಟೆ ತೊಳೆಯಲು ಎದ್ದುಹೋದರು. ಆ ಸೊಸೆ ಏನಾದಳು ಎಂದು ನಾನು ಕೇಳಿದೆ. ಅವರು ನನಗೂ ಹೇಳಲಿಲ್ಲ.

ಆಮೇಲೆ ಮಾಸ್ತರು ನಿವೃತ್ತರಾದರು. ಶಾಲು ಹೊದಿಸಿದೆವು. ಕೆಲವು ವರ್ಷಕ್ಕೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಪೂರ್ತಿ ಹೋಯಿತು, ಕಿವಿ ಕಣ್ಣು ಬುದ್ಧಿ ಉಳಿದವು. ಮಗಳು ಲಿಂಗಸುಗೂರಿನಿಂದ ಒಂದು ದೊಡ್ಡ ಟಿ.ವಿ. ತಂದು ಮಂಚದ ಎದುರಿನ ಗೋಡೆಗೆ ಹಾಕಿಸಿಕೊಟ್ಟಳು. ಅಪ್ಪನಿಗೆ ಹೊತ್ತು ಹೋಗಲಿ ಎಂದು.

ಈಚೆಗೆ ಒಂದು ಭಾನುವಾರ ನೋಡಲು ಹೋಗಿದ್ದೆ. ಮಾಸ್ತರು ದಿಂಬಿಗೆ ಒರಗಿ ಕ್ರಿಕೆಟ್ ನೋಡುತ್ತಿದ್ದರು. ಶುಭ್ರವಾದ ಬಟ್ಟೆ, ಹಣೆಗೆ ವಿಭೂತಿ, ಗಡ್ಡ ಬೋಳಿಸಿದ ಮುಖ. ಆಕೆ ಸೇವೆಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಮಂಚದ ಪಕ್ಕದಲ್ಲಿ ಮಕ್ಕಳ ಪಾಟಿ, ಬಳಪ. ಏನಾದರೂ ಬೇಕಿದ್ದರೆ ಎಡಗೈಯಿಂದ ಸೊಟ್ಟ ಸೊಟ್ಟಗೆ ಬರೆದು ತೋರಿಸುತ್ತಿದ್ದರು. ಪಂದ್ಯ ಕೊನೆಯ ಓವರಿಗೆ ಬಂದಿತ್ತು, ಯಾರು ಗೆಲ್ಲುತ್ತಾರೆಂದು ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಆಕೆ ಅಡಿಗೆಮನೆಯಿಂದ ಕೈ ಒರೆಸುತ್ತಾ ಬಂದರು. ರಿಮೋಟ್ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಪಾಟಿಯನ್ನು ಗಂಡನ ತೊಡೆಯ ಮೇಲೆ ಇಟ್ಟು, ಬಳಪ ಕೈಗೆ ಕೊಟ್ಟರು.

“ಹೇಳ್ರಿ. ಆಕಿ ತವರಿಗೆ ಹೋದ್ಲೋ, ತಿರುಗಿ ಬಂದ್ಲೋ?”

ಮಾಸ್ತರ ಕಣ್ಣು ಟಿ.ವಿ.ಯ ಮೇಲಿತ್ತು. ‘ನೆನಪಿಲ್ಲ’ ಎಂದು ಬರೆದರು. ಆಕೆ ಅದನ್ನು ನನಗೆ ತೋರಿಸಿ, ದಿನಾ ಇದನ್ನ ಬರೀತಾರ, ಸುಳ್ಳು ಅಂದರು. ಸೆರಗಿನ ತುದಿಯಿಂದ ಪಾಟಿ ಒರೆಸಿದರು. ಬೌಲರ್ ಓಡಲು ಶುರುಮಾಡಿದ್ದ. ಆಕೆ ಸೊಂಟದಿಂದ ರಿಮೋಟ್ ತೆಗೆದು ಗುಂಡಿ ಒತ್ತಿದರು, ತೆರೆ ಕಪ್ಪಾಯಿತು.

“ಡಿಸ್ಕಿನ್ಯಾಗ ಜಾಗ ಇಲ್ರಿ,” ಎಂದು ಗಂಡನಿಗೆ ಮೆತ್ತಗೆ ಹೇಳಿ, ನನಗೆ ಚಹಾ ತರಲು ಹೋದರು.

ನಾನು ಹಿಂದೆಯೇ ಅಡಿಗೆಮನೆಗೆ ಹೋದೆ. ಈಗ ಫೋನಿನಲ್ಲಿ ಹುಡುಕಿದರೆ ಹಳೆಯ ಧಾರಾವಾಹಿ ಸಿಕ್ಕರೂ ಸಿಗಬಹುದು, ಇಲ್ಲವೇ ಚಾಚಿಯನ್ನೇ ಕೇಳಬಹುದು ಎಂದು ಹೇಳಿದೆ. ನನಗ ಅದು ಅವರ ಕಡಿಂದ ಬೇಕ್ರೀ ಟೀಚರ್ ಅಂದರು. ಮಾಸ್ತರಿಗೆ ನಿಜವಾಗಿಯೂ ನೆನಪಿಲ್ಲ ಎಂದೇ ನನಗೆ ಅನ್ನಿಸಿತು. ಮಿರ್ಚಿಯ ದಾರಿ ಕಾಯುತ್ತಾ ಒಮ್ಮೆ ನೋಡಿದ ಕಥೆ ಅವರ ತಲೆಯಲ್ಲಿ ಯಾಕೆ ನಿಲ್ಲಬೇಕು? ಆಕೆಗೆ ಅದು ಸಿಗಬಾರದು ಎಂಬುದಷ್ಟೇ ಅವರಿಗೆ ಬೇಕಿತ್ತು, ಅದು ಆಗಿತ್ತು. ಆದರೆ ಇದನ್ನು ಆಕೆಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಕಾದದ್ದು ಅವರ ಹತ್ತಿರ ಇಲ್ಲವೇ ಇಲ್ಲ ಎಂದು ಹೇಗೆ ಹೇಳಲಿ.

ಚಹಾ ಕುಡಿದು ಹೊರಡುವಾಗ ನನ್ನ ಫೋನಿಗೆ ತಮ್ಮನ ಮೆಸೇಜು ಬಂತು. ಅವನೂ ಕ್ರಿಕೆಟ್ ಹುಚ್ಚ, ಯಾರು ಗೆದ್ದರೆಂದು ಬರೆದಿದ್ದ. ಓದಿ ತಲೆ ಎತ್ತಿದರೆ ಮಾಸ್ತರು ನನ್ನನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ಫೋನಿನ ಕಡೆ ತೋರಿಸಿದರು. ಆಟೋದವನ ಮಗ ನೆನಪಾದ. ಗಂಟು ಹಿಡಿದು ನಿಂತ ಮುದುಕಿ ನೆನಪಾದಳು. ನಾನು ಫೋನನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿ, ಬರ್ತೀನ್ರೀ ಸರ್, ಉಳಿದದ್ದು ನಾಳೆ ಎಂದು ಹೇಳಿ ಎದ್ದೆ. ಇದಕ್ಕಾಗಿ ನನಗೆ ಇವತ್ತಿಗೂ ಕೆಡುಕೆನಿಸಿಲ್ಲ.

ಆ ವಾರ ಮುಗಿಯುವ ಮೊದಲೇ ಮಾಸ್ತರು ಹೋದರು. ಸುದ್ದಿ ಕೇಳಿ ಹೋದಾಗ ಪಡಸಾಲೆಯಲ್ಲಿ ಅವರನ್ನು ನಮ್ಮ ಕಡೆಯ ಪದ್ಧತಿಯಂತೆ ಕುಳ್ಳಿರಿಸಿದ್ದರು. ಮೈತುಂಬ ವಿಭೂತಿ, ಕೊರಳಿಗೆ ಹಾರ, ಗೋಡೆಗೆ ಒರಗಿಸಿದ ಬೆನ್ನು. ಎದುರಿನ ಗೋಡೆಯಲ್ಲಿ ಬಟ್ಟೆ ಹೊದಿಸಿದ ಟಿ.ವಿ. ಬಾಗಿಲ ಹತ್ತಿರ ಭಜನೆಯವರು ತಾಳ ಬಾರಿಸುತ್ತಿದ್ದರು. ಮಗಳು ಅತ್ತು ಸುಸ್ತಾಗಿ ಚಾಚಿಯ ತೊಡೆಯ ಮೇಲೆ ಮಲಗಿದ್ದಳು. ಆಕೆ ಮಾತ್ರ ಗಂಡನ ಪಕ್ಕದಲ್ಲೇ ನೆಟ್ಟಗೆ ಕುಳಿತಿದ್ದರು. ನನ್ನನ್ನು ಕಂಡು ಕೈ ಹಿಡಿದು ಹತ್ತಿರ ಕೂಡಿಸಿಕೊಂಡರು. ಕಡೀಕೂ ಹೇಳಲಿಲ್ಲ ನೋಡ್ರಿ ಅಂದರು. ಆ ಭಾನುವಾರದ ಪಂದ್ಯದ ಸುದ್ದಿ ಅವರ ಕಿವಿಗೆ ಬೀಳದಂತೆ ಆಕೆ ಟಿ.ವಿ. ಮತ್ತೆ ಹಚ್ಚಿರಲಿಲ್ಲ, ಪೇಪರನ್ನೂ ಒಳಗೆ ತಂದಿರಲಿಲ್ಲ. ಈಗ ನನ್ನ ಕಡೆ ತಿರುಗಿದರು.

“ಅವತ್ತ ಯಾರು ಗೆದ್ರು ಟೀಚರ್?”

ನಾನು ಹೇಳಲು ಬಾಯಿ ತೆಗೆದೆ. ಆಕೆ ನನ್ನ ಮೊಣಕೈ ಒತ್ತಿ ಹಿಡಿದು, ಹಾರ ಹಾಕಿಸಿಕೊಂಡು ಕುಳಿತ ಗಂಡನ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು.

“ಮೆಲ್ಲಕ ಹೇಳ್ರಿ. ಅವ್ರಿಗೆ ಕೇಳೀತು.”